ಆ ಪುಟ್ಟಿ ಟ್ಯೂಬ್ ಕೆಳಗಿಡಿ ಮಾರಾಯ್ರೆ

ಪ್ಲಾಸ್ಟಿಕ್ ವಿಮಾನದ ಕಿಟ್ ಕಟ್ಟುವವರ ನಡುವೆ ಒಂದು ಮಾತು ಬಹಳ ಓಡಾಡುತ್ತದೆ. "ಸಂದು ಬಿತ್ತಾ? ಬಿಡು, ಪುಟ್ಟಿ ಇದೆಯಲ್ಲ." ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಇಷ್ಟು ಚಿಕ್ಕ ವಿಷಯಕ್ಕೆ ಮೈ ಉರಿಸಿಕೊಳ್ಳೋದಾ ಅಂತ ನೀವು ಕೇಳಬಹುದು. ಹೌದು, ಉರಿಸಿಕೊಳ್ಳೋದೇ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗ್ತದೆ.

ಈ ಹುಚ್ಚು ಇಲ್ಲದವರಿಗೆ ಮೊದಲು ಎರಡು ಮಾತು. ಕಿಟ್ ಅಂದರೆ ಒಂದು ಡಬ್ಬಿ. ಒಳಗೆ ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳು, ಅವಕ್ಕೆ ಅಂಟಿಕೊಂಡಂತೆ ವಿಮಾನದ ಎಡ ಹೊಟ್ಟೆ, ಬಲ ಹೊಟ್ಟೆ, ರೆಕ್ಕೆ, ಬಾಲ, ಚಕ್ರ, ಪೈಲಟ್ ಕೂರುವ ಕುರ್ಚಿ. ಆ ಚೌಕಟ್ಟಿಗೆ ಸ್ಪ್ರೂ ಅಂತಾರೆ. ಒಂದೊಂದೇ ಭಾಗವನ್ನು ಕತ್ತರಿಸಿ ತೆಗೆದು, ಅಂಟು ಹಾಕಿ ಕೂಡಿಸಿ, ಬಣ್ಣ ಹೊಡೆದರೆ ಅಂಗೈ ಮೇಲೆ ಮಿಗ್-21 ಇಳಿಯುತ್ತದೆ. ಹೇಳುವುದಕ್ಕೆ ಇಷ್ಟೇ. ಕಟ್ಟುವಾಗ ಎಡ ಹೊಟ್ಟೆಗೂ ಬಲ ಹೊಟ್ಟೆಗೂ ಜಗಳ, ರೆಕ್ಕೆಗೂ ಮೈಗೂ ಮಾತಿಲ್ಲ. ನಡುವೆ ಒಂದು ಸಂದು. ಆ ಸಂದಿಗೆ ಜನ ತುಂಬುವ ಬೂದು ಪೇಸ್ಟೇ ಪುಟ್ಟಿ. ಟೂತ್‌ಪೇಸ್ಟ್ ಥರ ಟ್ಯೂಬಿನಲ್ಲಿ ಬರುತ್ತದೆ.

ಸಂದು ಎಷ್ಟು ದೊಡ್ಡದು ಅನ್ನೋದಕ್ಕೆ ಒಂದು ಲೆಕ್ಕ ಹಾಕಿ. 1/72 ಅಳತೆಯ ಕಿಟ್‌ನಲ್ಲಿ ಅರ್ಧ ಮಿಲಿಮೀಟರ್ ಬಾಯಿಬಿಟ್ಟರೆ ನಿಜವಾದ ವಿಮಾನದಲ್ಲಿ ಅದು 36 ಮಿಲಿಮೀಟರ್. ಎರಡು ಬೆರಳು ಸಲೀಸಾಗಿ ಒಳಗೆ ಹೋಗ್ತದೆ. ನಮ್ಮ ಕಡೆಯವರಿಗೆ ಇದನ್ನು ಕಣ್ಣಾರೆ ಅಂದಾಜು ಮಾಡೋದು ಈಗ ಸುಲಭ. ಬಾಳೆಗುಳಿ ಕ್ರಾಸಿನಲ್ಲಿ ಬಸ್ ಹತ್ತಿ ಕಾರವಾರಕ್ಕೆ ಹೋದರೆ, ಟಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ಪಕ್ಕ ಟುಪೊಲೆವ್-142 ನಿಂತಿದೆ. ನೌಕಾಪಡೆಗೆ 1988ರಲ್ಲಿ ಬಂದ ಎಂಟು ವಿಮಾನಗಳ ಪೈಕಿ ಒಂದು. 2017ರ ಮಾರ್ಚ್‌ನಲ್ಲಿ ನಿವೃತ್ತಿ ಆಯ್ತು. ಆಮೇಲೆ ಅರಕ್ಕೋಣದ ನೌಕಾ ವಾಯುನೆಲೆಯಲ್ಲಿ ಅದನ್ನು ಬಿಚ್ಚಿ, ರಸ್ತೆ ಮೇಲೆ ತಂದು, ಇಲ್ಲಿ ಮತ್ತೆ ಕೂಡಿಸಿದರು. ಅಂದರೆ ಅದೂ ಒಂದು ಕಿಟ್ಟೇ, 1/1 ಅಳತೆಯದು! ರೆಕ್ಕೆಯ ಈ ತುದಿಯಿಂದ ಆ ತುದಿಗೆ 50 ಮೀಟರ್. ನಾಲ್ಕು ಎಂಜಿನ್, ಒಂದೊಂದಕ್ಕೆ ವಿರುದ್ಧ ದಿಕ್ಕಿಗೆ ತಿರುಗುವ ಎರಡೆರಡು ಪ್ರೊಪೆಲ್ಲರ್, ಒಟ್ಟು 32 ಅಲಗು. ರಜೆಗೆ ಊರಿಗೆ ಹೋದವರು ಅದರ ಮುಂದೆ ಸೆಲ್ಫಿ ತೆಗೆದುಕೊಳ್ತೀರಲ್ಲ, ಮುಂದಿನ ಸಲ ಸ್ವಲ್ಪ ಹೊತ್ತು ರೆಕ್ಕೆ ಮೈಗೆ ಸೇರುವ ಜಾಗದಲ್ಲಿ ನಿಂತು ನೋಡಿ. ಹಾರುವ ಕಾಲಕ್ಕೆ ಅಲ್ಲಿ ಎರಡು ಬೆರಳಿನ ಸಂದು ಇದ್ದಿದ್ದರೆ, ಅದಕ್ಕೆ ಪೇಸ್ಟ್ ಮೆತ್ತಿ ಬಣ್ಣ ಹೊಡೆದು ಅರಬ್ಬಿ ಸಮುದ್ರದ ಮೇಲೆ ಕಳಿಸುತ್ತಿದ್ದರಾ?

ನನ್ನ ವಾದ ಇಷ್ಟೇ. ಭಾಗ ಕೂರಲಿಲ್ಲ ಅಂದರೆ ಅದಕ್ಕೊಂದು ಕಾರಣ ಇರುತ್ತದೆ. ಕಾರಣ ಹುಡುಕಬೇಕು. ಪುಟ್ಟಿ ಹಚ್ಚುವವನು ಕಾರಣವನ್ನು ಒಳಗೇ ಹೂತು ಹಾಕುತ್ತಾನೆ.

ಕಾರಣಗಳೇನೂ ನಿಗೂಢ ಅಲ್ಲ. ಪಾಲಿಸ್ಟೈರೀನನ್ನು ಕರಗಿಸಿ ಉಕ್ಕಿನ ಅಚ್ಚಿಗೆ ಒತ್ತಡದಲ್ಲಿ ತುಂಬುತ್ತಾರೆ. ತಣ್ಣಗಾದಾಗ ಅದು ಶೇಕಡಾ ಅರ್ಧದಷ್ಟು ಕುಗ್ಗುತ್ತದೆ. ಅಚ್ಚು ಮಾಡುವವರು ಆ ಲೆಕ್ಕ ಇಟ್ಟುಕೊಂಡೇ ಅಚ್ಚನ್ನು ಒಂಚೂರು ದೊಡ್ಡದಾಗಿ ಕೊರೆಯುತ್ತಾರೆ. ತೊಂದರೆ ಎಲ್ಲಿ ಅಂದರೆ, ದಪ್ಪ ಇದ್ದ ಕಡೆ ಹೆಚ್ಚು ಕುಗ್ಗುತ್ತದೆ, ತೆಳು ಇದ್ದ ಕಡೆ ಕಡಿಮೆ. ದಪ್ಪ ಜಾಗದಲ್ಲಿ ಮೇಲ್ಮೈ ಕುಳಿ ಬೀಳುತ್ತದೆ, ಉದ್ದನೆಯ ಭಾಗ ಬಾಳೆಕಾಯಿಯ ಹಾಗೆ ಬಾಗುತ್ತದೆ. ಅಚ್ಚು ಹಳೆಯದಾದರೆ ಎರಡು ಹೋಳಿನ ನಡುವೆ ಪ್ಲಾಸ್ಟಿಕ್ ಸೋರಿ ಅಂಚಿನಲ್ಲಿ ತೆಳ್ಳಗಿನ ಪೊರೆ ನಿಲ್ಲುತ್ತದೆ. ಎಷ್ಟೋ ಕಂಪನಿಗಳು ದಶಕಗಳ ಹಿಂದಿನ ಅಚ್ಚಿನಲ್ಲೇ ಹೊಸ ಡಬ್ಬಿಗೆ ಮಾಲು ಹೊಡೆದು ಕೊಡುತ್ತವೆ. ಡಬ್ಬಿ ಮೇಲಿನ ಚಿತ್ರ ಮಾತ್ರ ಈ ವರ್ಷದ್ದು. ಇನ್ನು ಸಣ್ಣ ಕಂಪನಿಗಳ ಕಿಟ್. ಕೆಲವೇ ಸಾವಿರ ತುಣುಕಿಗೆ ಅಂತ ಮೆತ್ತಗಿನ ಅಚ್ಚು ಮಾಡಿರುತ್ತಾರೆ. ಅವುಗಳಲ್ಲಿ ಭಾಗಗಳನ್ನು ಎದುರುಬದುರು ಹಿಡಿಯುವ ಗೂಟ, ತೂತು ಎಷ್ಟೋ ಸಲ ಇರೋದೇ ಇಲ್ಲ. ಎಡಕ್ಕೂ ಬಲಕ್ಕೂ ತಾಳೆ ನೀವೇ ನೋಡಬೇಕು.

ಇದೆಲ್ಲ ಅವರ ಕಡೆಯದ್ದು. ನಮ್ಮ ಕಡೆಯಿಂದಲೂ ಕಾರಣಗಳು ಹುಟ್ಟುತ್ತವೆ, ಅದೂ ಧಾರಾಳವಾಗಿ. ಸ್ಪ್ರೂನಿಂದ ಕತ್ತರಿಸಿದ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಗುಬುಟು ಉಳಿದಿರುತ್ತದೆ. ಅದನ್ನು ಅರ ಹಾಕಿ ತೆಗೆಯದೆ ಅಂಟಿಸಿದರೆ ಆ ಗುಬುಟಿನಷ್ಟೇ ಸಂದು ಗ್ಯಾರಂಟಿ. ಕಾಕ್‌ಪಿಟ್ ಒಳಗೆ ಬಣ್ಣ ಹೊಡೆಯುವಾಗ ಅಂಟು ಹಾಕುವ ಅಂಚಿಗೂ ಬಣ್ಣ ಬಿದ್ದಿರುತ್ತದೆ. ಪ್ಲಾಸ್ಟಿಕ್ ಅಂಟು ಕೆಲಸ ಮಾಡೋದೇ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ಮೂಲಕ. ನಡುವೆ ಬಣ್ಣ ಇದ್ದರೆ ಬೆಸುಗೆ ಎಲ್ಲಿಂದ ಬರಬೇಕು? ಎರಡೂ ಅಂಚಿನ ಬಣ್ಣದ ದಪ್ಪ ಸೇರಿ ಹೊಟ್ಟೆ ಮುಚ್ಚುವುದೂ ಇಲ್ಲ.

ಈಚೆಗೆ ಒಂದು 1/72 ಮಿಗ್-21 ನನ್ನ ಮೇಜಿಗೆ ಬಂತು. ಯಾವ ಕಂಪನಿ ಅಂತ ಹೇಳೋದಿಲ್ಲ, ಹೇಳಿ ಪ್ರಯೋಜನವೂ ಇಲ್ಲ. ಎಡ ಬಲ ಹೋಳುಗಳನ್ನು ಅಂಟಿಲ್ಲದೆ ಒಣಗೆ ಕೂಡಿಸಿದರೆ ತಬ್ಬಿಕೊಂಡ ಹಾಗೆ ಮುಚ್ಚಿಕೊಂಡವು. ಒಳಗೆ ಕಾಕ್‌ಪಿಟ್, ಮುಂದಿನ ಚಕ್ರದ ಗೂಡು, ಹಿಂದಿನ ಎಂಜಿನ್ ಕೊಳವೆ ಇಟ್ಟು ಮುಚ್ಚಿದರೆ ಬೆನ್ನ ಮೇಲೆ ಮುಕ್ಕಾಲು ಮಿಲಿಮೀಟರ್ ಬೆಳಕು. ಅಂದ ಮೇಲೆ ತಪ್ಪು ಹೋಳುಗಳದ್ದಲ್ಲ, ಒಳಗಿನ ಮೂರರಲ್ಲಿ ಒಬ್ಬರದ್ದು. ಒಂದೊಂದೇ ತೆಗೆದು ನೋಡುವುದು. ಕಾಕ್‌ಪಿಟ್ ತೆಗೆದರೆ ಬೆಳಕು ಹಾಗೇ ಇದೆ. ಚಕ್ರದ ಗೂಡು ತೆಗೆದರೂ ಹಾಗೇ. ಕೊಳವೆ ತೆಗೆದ ತಕ್ಷಣ ಟಕ್ ಅಂತ ಮುಚ್ಚಿತು. ನಾವು ಆಫೀಸಿನಲ್ಲಿ ದಿನಾ ಮಾಡೋದು ಇದನ್ನೇ ತಾನೆ, ಒಂದೊಂದೇ ಮಾಡ್ಯೂಲ್ ಕಾಮೆಂಟ್ ಮಾಡಿ ಬಗ್ ಎಲ್ಲಿ ಅಂತ ಹುಡುಕೋದು.

ಆಮೇಲಿನ ಪ್ರಶ್ನೆ, ಕೊಳವೆಯ ಯಾವ ಭಾಗ ತಾಗುತ್ತಿದೆ? ಸುತ್ತಲೂ ಉಜ್ಜಿಬಿಟ್ಟರೆ ಕೊಳವೆ ಸಡಿಲ ಆಗಿ ಒಳಗೆ ಗಿಲಕಿ ಹೊಡೆಯುತ್ತದೆ. ಇದಕ್ಕೆ ನಮ್ಮೂರಲ್ಲಿ ಬಾಗಿಲು ಕೂರಿಸುತ್ತಿದ್ದ ಆಚಾರಿಗಳ ಉಪಾಯ ಇದೆ. ಮಳೆಗಾಲದಲ್ಲಿ ಹಿಗ್ಗಿ ಕಚ್ಚಿಕೊಂಡ ಬಾಗಿಲನ್ನು ಅವರು ಎದುರು ಕಂಡಲ್ಲೆಲ್ಲ ಕೀಸುತ್ತಿರಲಿಲ್ಲ. ಚೌಕಟ್ಟಿನ ಅಂಚಿಗೆ ಮಸಿ ಸವರಿ, ಬಾಗಿಲನ್ನು ಒಮ್ಮೆ ಒತ್ತಿ ತೆಗೆಯುವರು. "ಎಲ್ಲಿ ಕಪ್ಪು ಹತ್ತಿತು ನೋಡು, ಅಲ್ಲಷ್ಟೇ ತೆಗಿ." ನಾನು ಮಸಿ ಬದಲು ಮೆತ್ತಗಿನ ಪೆನ್ಸಿಲ್ ಸೀಸ ಉಜ್ಜುತ್ತೇನೆ. ಹೋಳಿನ ಒಳಗೋಡೆಗೆ ಉಜ್ಜಿ, ಕೊಳವೆ ಇಟ್ಟು ಒತ್ತಿ ತೆಗೆದರೆ ಎರಡೇ ಕಡೆ ಕಪ್ಪು. ಒಂದು ಕಡೆ, ಅಚ್ಚಿನಿಂದ ಭಾಗವನ್ನು ಹೊರದೂಡುವ ಪಿನ್ನಿನ ಗುರುತು ಉಬ್ಬಿ ನಿಂತಿತ್ತು. ಇನ್ನೊಂದು ಕಡೆ ಸ್ಪ್ರೂ ಗುಬುಟು. ಎರಡನ್ನೂ ಬ್ಲೇಡಿನಿಂದ ಹೆರೆದು, ಮತ್ತೆ ಸೀಸ, ಮತ್ತೆ ಒತ್ತು. ಐದನೇ ಸಲಕ್ಕೆ ಹೊಟ್ಟೆ ಮುಚ್ಚಿತು. ಅರ್ಧ ಗಂಟೆಯ ಕೆಲಸ. ಪುಟ್ಟಿ ಒಂದು ತೊಟ್ಟು ಬೇಕಾಗಲಿಲ್ಲ.

ಪುಟ್ಟಿವಾದಿಗಳ ದಾರಿ ಹಿಡಿದಿದ್ದರೆ ಏನಾಗುತ್ತಿತ್ತು? ಮೊದಲು ಬಲವಂತವಾಗಿ ಎರಡು ಹೋಳನ್ನು ರಬ್ಬರ್ ಬ್ಯಾಂಡ್ ಬಿಗಿದು ಅಂಟಿಸುವುದು. ಪ್ಲಾಸ್ಟಿಕ್ ಬಗ್ಗಿ ಕೂರುತ್ತದೆ, ಆದರೆ ಒಳಗೆ ಎಳೆತ ಉಳಿಯುತ್ತದೆ. ಇವತ್ತಲ್ಲ ನಾಳೆ, ಬಣ್ಣ ಎಲ್ಲ ಆದ ಮೇಲೆ ಜೋಡಣೆ ಪಟ್ ಅಂತ ಬಿಡುತ್ತದೆ. ಉಳಿದ ಸಂದಿಗೆ ಪುಟ್ಟಿ. ಟ್ಯೂಬಿನ ಪುಟ್ಟಿಯೊಳಗಿನ ದ್ರಾವಕ ಆವಿಯಾದಂತೆ ಅದು ಕುಗ್ಗುತ್ತದೆ, ಹಾಗಾಗಿ ಒಂದು ಸಲ ಸಾಲದು, ಎರಡು ಮೂರು ಸಲ ಹಚ್ಚಬೇಕು. ಒಣಗಿದ ಮೇಲೆ ಉಜ್ಜಬೇಕು. ಉಜ್ಜಿದರೆ ಪುಟ್ಟಿಯ ಜೊತೆ ಅಕ್ಕಪಕ್ಕದ ತಗಡಿನ ಗೀರುಗಳು, ಮೊಳೆಯ ತಲೆಗಳು ಎಲ್ಲ ಅಳಿಸಿ ಹೋಗುತ್ತವೆ. ಅವನ್ನು ಮತ್ತೆ ಸೂಜಿಯಿಂದ ಕೊರೆಯಬೇಕು. ಪುಟ್ಟಿ ಮೆತ್ತಗೆ, ಪ್ಲಾಸ್ಟಿಕ್ ಗಟ್ಟಿ. ಸೂಜಿ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಗೆರೆ ಸೊಟ್ಟ ಆಗ್ತದೆ. ಕೆಲವರು ಪುಟ್ಟಿ ಬಿಟ್ಟು ಸೂಪರ್ ಗ್ಲೂ ತುಂಬುತ್ತಾರೆ. ಅದು ಕುಗ್ಗುವುದಿಲ್ಲ, ನಿಜ. ಆದರೆ ಬೇಗ ಉಜ್ಜದೆ ರಾತ್ರಿ ಬಿಟ್ಟರೆ ಬೆಳಿಗ್ಗೆ ಅದು ಪ್ಲಾಸ್ಟಿಕ್ಕಿಗಿಂತ ಗಟ್ಟಿ. ಸುತ್ತಲಿನ ಪ್ಲಾಸ್ಟಿಕ್ ಸವೆಯುತ್ತದೆ, ಅಂಟು ದಿಣ್ಣೆಯಾಗಿ ನಿಲ್ಲುತ್ತದೆ.

ಇಷ್ಟೆಲ್ಲ ಮಾಡಿ, ನಮ್ಮ ವಾಯುಪಡೆಯ ಹಳೆಯ ಮಿಗ್‌ಗಳ ಹಾಗೆ ಬೆಳ್ಳಿ ಬಣ್ಣ ಹೊಡೆಯಿರಿ ನೋಡೋಣ. ಹಸಿರು ಕಂದು ಮರೆಬಣ್ಣ ತಪ್ಪನ್ನು ಸ್ವಲ್ಪ ಮುಚ್ಚಿಕೊಳ್ಳುತ್ತದೆ. ಬೆಳ್ಳಿ ಕ್ಷಮಿಸುವುದಿಲ್ಲ. ಪುಟ್ಟಿ ಹಚ್ಚಿದ ಇಡೀ ಗೆರೆ ನೀರಿನ ಕಲೆಯ ಹಾಗೆ ಮೇಲೆ ಎದ್ದು ಕಾಣುತ್ತದೆ.

ರೆಕ್ಕೆಯ ಬುಡಕ್ಕೆ ಬೇರೆ ಉಪಾಯಗಳಿವೆ. ಕಿಟ್‌ನ ಕಾಗದದಲ್ಲಿ ಮೊದಲು ಮೈ ಪೂರ್ತಿ ಅಂಟಿಸು, ಆಮೇಲೆ ರೆಕ್ಕೆ ಪೂರ್ತಿ ಅಂಟಿಸು, ಕೊನೆಗೆ ಎರಡನ್ನೂ ಕೂಡಿಸು ಅಂತಿರುತ್ತದೆ. ಆ ಕಾಗದ ವೇದವಾಕ್ಯ ಅಲ್ಲ. ಎಷ್ಟೋ ಕಿಟ್‌ಗಳಲ್ಲಿ ರೆಕ್ಕೆಯ ಮೇಲ್ಭಾಗವನ್ನು ಮೊದಲೇ ಆ ಕಡೆಯ ಮೈ ಹೋಳಿಗೆ ಅಂಟಿಸಿಬಿಟ್ಟರೆ, ಒಳಗಿನಿಂದ ಬೆರಳು ಹಾಕಿ ಸರಿ ಮಾಡಬಹುದು. ಮೈ ಕಿರಿದಾಗಿ ರೆಕ್ಕೆ ಮುಟ್ಟುತ್ತಿಲ್ಲವಾ? ಒಳಗೆ ಸ್ಪ್ರೂ ತುಂಡನ್ನು ಅಡ್ಡ ಕೊಟ್ಟು ಮೈಯನ್ನು ಹೊರಗೆ ದೂಡಿ. ರೆಕ್ಕೆ ಜೋತು ಬಿದ್ದು ಮೇಲೆ ಸಂದು ಬಿಡುತ್ತಿದೆಯಾ? ಒಂದು ತುದಿಯಿಂದ ಇನ್ನೊಂದು ತುದಿಗೆ ಟೇಪ್ ಎಳೆದು ಕಟ್ಟಿ, ಆಮೇಲೆ ತೆಳು ಅಂಟನ್ನು ಸಂದಿಗೆ ತಾಗಿಸಿ, ಅದೇ ಒಳಗೆ ಹರಿದುಕೊಂಡು ಹೋಗುತ್ತದೆ. ಬಾಗಿದ ಭಾಗವನ್ನು ಬಿಸಿ ನೀರಲ್ಲಿ ಸ್ವಲ್ಪ ಹೊತ್ತು ಹಿಡಿದು ಮೆಲ್ಲಗೆ ನೇರ ಮಾಡಿ. ಕುದಿಯುವ ನೀರು ಬೇಡ, ಪಾಲಿಸ್ಟೈರೀನ್ ಸುಮಾರು 100 ಡಿಗ್ರಿಗೆ ಸೋತು ಬಿಡುತ್ತದೆ. ಇಷ್ಟಾದರೂ ಸಂದು ಉಳಿದರೆ ಪ್ಲಾಸ್ಟಿಕ್ ಶೀಟ್ ಇದೆ, ಕಾಲು ಮಿಲಿಮೀಟರ್ ದಪ್ಪದ್ದು. ಸಂದಿನ ಆಕಾರಕ್ಕೆ ಕತ್ತರಿಸಿ ಬೆಣೆ ಕೊಡಿ. ಅದೂ ಅದೇ ಪ್ಲಾಸ್ಟಿಕ್, ಅದೇ ಅಂಟಿಗೆ ಬೆಸೆಯುತ್ತದೆ, ಕುಗ್ಗುವುದಿಲ್ಲ, ಕೊರೆದರೆ ಗೆರೆ ನೇರ ಬರುತ್ತದೆ.

ಬೆಣೆ ಕೊಡುವುದು ಹಳ್ಳಿ ಬುದ್ಧಿ ಅಂತ ನಗುವವರಿಗೆ ಬೋಯಿಂಗ್ ಕತೆ ಹೇಳಬೇಕು. 787 ಡ್ರೀಮ್‌ಲೈನರ್‌ನ ಮೈ ತುಂಡು ತುಂಡಾಗಿ ಬಂದು ಜೋಡಣೆ ಆಗುತ್ತದೆ. ತುಂಡುಗಳು ಸೇರುವಲ್ಲಿ ಸಂದು ಬಿಟ್ಟರೆ ತೆಳು ಬೆಣೆ ಕೊಡುತ್ತಾರೆ, ಅವರ ಭಾಷೆಯಲ್ಲಿ ಶಿಮ್. ಉಳಿಯಬಹುದಾದ ಸಂದಿನ ಮಿತಿ 0.005 ಇಂಚು, ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಪಾಲು. ಕೆಲವು ವಿಮಾನಗಳಲ್ಲಿ ಶಿಮ್ ಅಳತೆ ಸರಿ ಇಲ್ಲ, ಸಂದು ಮಿತಿ ಮೀರಿದೆ ಅಂತ ಹೊರಬಿತ್ತು. ಅಲ್ಲಿಂದ ಶುರುವಾದ ತಪಾಸಣೆ ದುರಸ್ತಿಗಳಲ್ಲಿ 2021ರ ಮೇ ತಿಂಗಳಿಂದ 2022ರ ಆಗಸ್ಟ್ ತನಕ ಹೊಸ 787ಗಳ ಡೆಲಿವರಿಯೇ ನಿಂತುಹೋಯಿತು. ಕೂದಲೆಳೆಯಷ್ಟು ಸಂದಿಗೆ! ಏರ್‌ಬಸ್‌ನವರದ್ದು ಇನ್ನೂ ಚಂದ. ಎ380ಗೆ ಹ್ಯಾಂಬರ್ಗ್‌ನಲ್ಲಿ ತಯಾರಾದ ವೈರಿಂಗ್ ಟುಲೂಸ್‌ಗೆ ಬಂದ ಮೇಲೆ ಕೂರಲಿಲ್ಲ, ಉದ್ದ ಸಾಲಲಿಲ್ಲ. ಎರಡು ಊರಿನವರು ಒಂದೇ ವಿನ್ಯಾಸ ಸಾಫ್ಟ್‌ವೇರಿನ ಬೇರೆ ಬೇರೆ ಆವೃತ್ತಿ ಬಳಸುತ್ತಿದ್ದದ್ದು ಅದಕ್ಕೊಂದು ದೊಡ್ಡ ಕಾರಣ. 2006ರಲ್ಲಿ ಅದು ಜಗತ್ತಿಗೇ ಗೊತ್ತಾಯ್ತು. ನಮ್ಮ ಕುಲದವರ ಕೈವಾಡ, ಏನು ಹೇಳೋದು.

ಈಗ ದುಡ್ಡಿನ ಮಾತು. ಒಳ್ಳೆಯ ಕಿಟ್‌ಗಳು ಬಹುತೇಕ ಜಪಾನ್, ಚೀನಾ, ಯೂರೋಪಿನಿಂದ ಬರಬೇಕು. ಅಳತೆಗೆ ತಕ್ಕ ಚಿಕ್ಕ ಮಾದರಿಗಳೂ ಕಸ್ಟಮ್ಸ್ ಲೆಕ್ಕದಲ್ಲಿ ಗೊಂಬೆ ಆಟಿಕೆಗಳ ಅದೇ 9503 ತಲೆಬರಹದ ಕೆಳಗೆ ಬರುತ್ತವೆ. ಆ ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ ಹಾರಿತು, 2023ರಲ್ಲಿ 70 ಆಯ್ತು. ಅದರ ಮೇಲೆ ತೆರಿಗೆ, ಅದರ ಮೇಲೆ ಸಾಗಣೆ. ಬೇರೆ ದೇಶದ ಹುಡುಗ ಒಂದು ಕಿಟ್ ಕೆಟ್ಟರೆ ಇನ್ನೊಂದು ತಗೋತಾನೆ. ಇಲ್ಲಿ ಅದು ಸಂಬಳದ ದಿನ ನೋಡಿ ತಗೊಳ್ಳೋ ಸಾಮಾನು. ಆದ್ದರಿಂದಲೇ ‘ಟಮಿಯಾ ಬಿಟ್ಟು ಬೇರೆ ಮುಟ್ಟಬೇಡ’ ಅನ್ನುವ ಇನ್ನೊಂದು ಪಂಗಡದ ಮೇಲೂ ನನಗೆ ಸಿಟ್ಟು. ಟಮಿಯಾ ಕಿಟ್‌ಗಳು ಚೆನ್ನಾಗಿ ಕೂರುತ್ತವೆ, ಎರಡು ಮಾತಿಲ್ಲ. ಡಬ್ಬಿಯೊಳಗೆ ಅಂಟು ಸುರಿದು ಅಲ್ಲಾಡಿಸಿದರೂ ವಿಮಾನ ಆಗ್ತದೆ ಅಂತ ಒಂದು ಜೋಕೇ ಇದೆ. ಆದರೆ ನಾವು ಕಟ್ಟಬೇಕು ಅಂದುಕೊಳ್ಳುವುದೆಲ್ಲ ಟಮಿಯಾ ಮಾಡಿದೆಯಾ? ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಮ್ಮಿಗೆ ಹೋಗಿ ಮಾರುತ್, ಅಜೀತ್ ನೋಡಿ ಬನ್ನಿ. ಇದೇ ಊರಲ್ಲಿ ಹುಟ್ಟಿದ ವಿಮಾನಗಳು. ದೊಡ್ಡ ಕಂಪನಿಗಳ ಪಟ್ಟಿಯಲ್ಲಿ ಅವನ್ನು ಹುಡುಕಿ ನೋಡಿ, ಆಮೇಲೆ ಮಾತಾಡೋಣ. ನಮ್ಮ ವಿಮಾನ ಬೇಕು ಅಂದರೆ ಸಣ್ಣವರ ಒರಟು ಕಿಟ್ಟಿಗೆ ಕೈ ಹಾಕಲೇಬೇಕು. ಕೂರದ ಭಾಗವನ್ನು ಕೂರಿಸಲು ಬಾರದವನಿಗೆ ಆ ಬಾಗಿಲು ಮುಚ್ಚಿದ ಹಾಗೇ.

ಇನ್ನು ಹಿರಿಯರ ಒಂದು ಗುಂಪು ಇದೆ. ಕೂರದ ಕಿಟ್ ಅಂದರೆ ಅವರಿಗೆ ಹೆಮ್ಮೆ. "ನಮ್ಮ ಕಾಲದಲ್ಲಿ ಪುಟ್ಟಿ ಇಲ್ಲದೆ ವಿಮಾನವೇ ಆಗ್ತಿರಲಿಲ್ಲ, ಈಗಿನವರಿಗೆ ಎಲ್ಲ ರೆಡಿ ಬೇಕು." ನಿಮ್ಮ ಕಾಲದಲ್ಲಿ ಅಚ್ಚನ್ನು ಕೈಯಲ್ಲಿ ಕೊರೆಯುತ್ತಿದ್ದರು ಸ್ವಾಮೀ. ಈಗ ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿ, ಯಂತ್ರದಲ್ಲಿ ಕೊರೆದು, ಅದಕ್ಕೆ ತಕ್ಕ ಬೆಲೆ ಇಟ್ಟು ಮಾರುವವನ ಕಿಟ್ ಬಾಯಿ ಬಿಡುತ್ತದೆ ಅಂದರೆ ಅದು ಅವನ ಸೋಮಾರಿತನ. ಅದನ್ನು ನಮ್ಮ ಕೌಶಲದ ಪರೀಕ್ಷೆ ಅಂತ ಹಾಡಿ ಹೊಗಳಬೇಕಾ?

ಅದಕ್ಕಿಂತ ಕೋಪ ಬರುವುದು ಕಿಟ್ ವಿಮರ್ಶೆ ಬರೆಯುವವರ ಮೇಲೆ. ಇಂಗ್ಲಿಷಿನಲ್ಲಿ ಹತ್ತು ವಿಮರ್ಶೆ ಓದಿ, ಎಂಟರಲ್ಲಿ ಇದೇ ವಾಕ್ಯ ಸಿಗುತ್ತದೆ: ಜೋಡಣೆ ಚೆನ್ನಾಗಿದೆ, ಕೆಲವು ಕಡೆ ಸ್ವಲ್ಪ ಫಿಲ್ಲರ್ ಬೇಕಾಯಿತು. ಯಾವ ಕಡೆ? ಎಷ್ಟು? ಯಾಕೆ? ಕಾಕ್‌ಪಿಟ್ ಅಗಲ ಆಗಿತ್ತಾ, ಹೋಳು ಬಾಗಿತ್ತಾ, ಗಾಳಿ ಸೇದುವ ಕೊಳವೆ ದಪ್ಪ ಇತ್ತಾ? ಒಂದು ಸಾಲು ಬರೆದಿದ್ದರೆ ಮುಂದಿನವನಿಗೆ ಒಂದು ವಾರ ಉಳಿಯುತ್ತಿತ್ತು. ಬರೆಯುವುದಿಲ್ಲ, ಯಾಕೆಂದರೆ ಬರೆದವನಿಗೇ ಗೊತ್ತಿಲ್ಲ. ಅವನೂ ಪುಟ್ಟಿ ಹಚ್ಚಿ ಮುಂದೆ ಹೋಗಿದ್ದಾನೆ. ಕಂಪನಿಯವನಿಗೂ ಅದೇ ಬೇಕು. ‘ಸ್ವಲ್ಪ ಫಿಲ್ಲರ್’ ಅನ್ನುವ ಮಾತು ಅವನ ಅಚ್ಚನ್ನೂ ಕಾಪಾಡುತ್ತದೆ.

ಈ ರೋಗ ಮೇಜಿನ ಮೇಲಷ್ಟೇ ನಿಲ್ಲುವುದಿಲ್ಲ. ಬಾಳೆಗುಳಿಯಲ್ಲಿ ಹುಬ್ಬಳ್ಳಿ ರಸ್ತೆ ಕವಲೊಡೆಯುವಲ್ಲಿ, ಬೇಲೇಕೇರಿ ಬಂದರಿಗೆ ಅದಿರು ಲಾರಿಗಳು ಸಾಲುಗಟ್ಟಿದ ಕಾಲವನ್ನು ನಾನು ಕಂಡವನು. ಮಳೆಗಾಲಕ್ಕೆ ಗುಂಡಿ, ಗುಂಡಿಗೆ ಕೆಂಪು ಮಣ್ಣು ಜಲ್ಲಿ, ಮತ್ತೆ ನಾಲ್ಕು ಲಾರಿ, ಮತ್ತೆ ಗುಂಡಿ. ನೀರು ಯಾಕೆ ಅಲ್ಲೇ ನಿಲ್ಲುತ್ತದೆ ಅಂತ ಕೇಳಿದವರನ್ನು ನಾನು ನೋಡಲಿಲ್ಲ. ಈಗ ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡದಲ್ಲಿ ಕೂತು ನೋಡಿದರೆ ಇಲ್ಲೂ ಅದೇ. ಎರಡು ಸಿಸ್ಟಮ್ ನಡುವೆ ಡೇಟಾ ಕೂರುತ್ತಿಲ್ಲವಾ, ಮಧ್ಯೆ ಒಂದು ಸ್ಕ್ರಿಪ್ಟ್ ಬರಿ. ಸ್ಕ್ರಿಪ್ಟ್ ಬಿತ್ತಾ, ಅದಕ್ಕೆ ಕಾವಲಿಗೆ ಇನ್ನೊಂದು ಬರಿ. ಬರೆದವನು ಕೆಲಸ ಬಿಟ್ಟು ಹೋದ ಮೇಲೆ ರಾತ್ರಿ ಎರಡು ಗಂಟೆಗೆ ಫೋನ್ ಬರುವುದು ನಿಮಗೆ. ಈ ಸಾಲು ಓದಿ ನಿಮ್ಮಲ್ಲಿ ಅರ್ಧ ಜನ ತಲೆ ಆಡಿಸುತ್ತಿರುತ್ತೀರಿ ಅಂತ ನನಗೆ ಗೊತ್ತು.

‘ಅದು ಆಟಿಕೆ, ಕಪಾಟಿನಲ್ಲಿ ಇಡ್ತೀಯ, ಕೆಳಗಿನ ಸಂದು ಯಾರು ನೋಡ್ತಾರೆ?’ ಇದು ಮನೆಯವರ, ಗೆಳೆಯರ ಪ್ರಶ್ನೆ. ಯಾರೂ ನೋಡುವುದಿಲ್ಲ, ಸರಿ. ಆದರೆ ಆಫೀಸಿನಲ್ಲಿ ಡೆಡ್‌ಲೈನ್ ಇದೆ, ಮ್ಯಾನೇಜರ್ ಇದ್ದಾನೆ, ಕಾರಣ ಹುಡುಕಲು ಪುರುಸೊತ್ತಿಲ್ಲ ಅನ್ನಬಹುದು. ಈ ಮೇಜಿಗೆ ಯಾವ ಡೆಡ್‌ಲೈನೂ ಇಲ್ಲ. ಯಾರೂ ಕೇಳದ, ಯಾರೂ ಕಾಯದ ಒಂದು ಗೇಣುದ್ದದ ವಿಮಾನದಲ್ಲೂ ಪುಟ್ಟಿಗೇ ಕೈ ಹೋದರೆ ಪುರುಸೊತ್ತಿನ ನೆಪ ಸುಳ್ಳು ಅಂತ ಆಯ್ತಲ್ಲ.

ಪುಟ್ಟಿಯನ್ನು ಬಚ್ಚಲಿಗೆ ಸುರಿಯಿರಿ ಅಂತ ನಾನೇನೂ ಹೇಳುತ್ತಿಲ್ಲ. ಪ್ಲಾಸ್ಟಿಕ್ ಕುಗ್ಗಿ ಬಿದ್ದ ಕುಳಿಗೆ, ಚಕ್ರದ ಗೂಡಿನಲ್ಲಿ ಪಿನ್ನು ಒತ್ತಿದ ಗುಂಡು ಗುರುತಿಗೆ ಅದೇ ಮದ್ದು. ಅಲ್ಲಿ ಕೂಡಿಸುವ ಪ್ರಶ್ನೆ ಇಲ್ಲ, ತುಂಬುವ ಪ್ರಶ್ನೆ ಮಾತ್ರ. ನನ್ನ ಟ್ಯೂಬೂ ಡ್ರಾಯರಿನಲ್ಲಿದೆ. ಮುಚ್ಚಳ ಒಣಗಿ ಕಚ್ಚಿಕೊಂಡಿದೆ, ತೆಗೆಯಲು ಇಕ್ಕಳ ಬೇಕು.

ಮಿಗ್‌ನ ಎಡ ರೆಕ್ಕೆ ನಿನ್ನೆ ಕೂತಿತು. ಬಲಕ್ಕೆ ಬುಡದಲ್ಲಿ ಇನ್ನೂ ಕೂದಲೆಳೆಯಷ್ಟು ಬೆಳಕು ಬರ್ತಾ ಇದೆ, ಮುಂದಿನ ಅಂಚಿನ ಹತ್ತಿರ. ಶನಿವಾರ ಸೀಸ ಉಜ್ಜಿ ನೋಡಬೇಕು.